ಬಸ್ ನಿಲ್ದಾಣಕ್ಕೆ ಹೊರಡುವ ಮುನ್ನ ಪವರ್ ಬ್ಯಾಂಕ್ ಒಮ್ಮೆ ನೋಡಿ

ಕಳೆದ ಮೇ ತಿಂಗಳು. ವಿಜಯಪುರದ ಬಸ್ ನಿಲ್ದಾಣದಲ್ಲಿ ಕಲಬುರಗಿ ಬಸ್ಸಿಗೆ ಕಾಯುತ್ತಿದ್ದೆ. ಪವರ್ ಬ್ಯಾಂಕ್ ತೆಗೆದು ಕಲ್ಲುಬೆಂಚಿನ ಮೇಲಿಟ್ಟರೆ ಅದು ಸಮನಾಗಿ ಕೂರಲೇ ಇಲ್ಲ, ತೊಟ್ಟಿಲಿನ ಹಾಗೆ ತೂಗಾಡಿತು. ಹೊಟ್ಟೆ ಉಬ್ಬಿ ಪ್ಲಾಸ್ಟಿಕ್ ಅಂಚು ಬಾಯಿ ಬಿಟ್ಟಿತ್ತು. ಪಕ್ಕದ ಅಜ್ಜಿ, "ತಮ್ಮಾ, ಪೂರಿ ಉಬ್ಬಿದಂಗ ಉಬ್ಬೇತಲ್ಲೋ" ಎಂದರು. ಅದನ್ನು ಬ್ಯಾಗಿನಲ್ಲಿಟ್ಟುಕೊಂಡೇ ಆ ನೂಕುನುಗ್ಗಲಲ್ಲಿ ಬಂದಿದ್ದೆ. ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಪವರ್ ಬ್ಯಾಂಕಿನಲ್ಲಿರುವ ಲಿಥಿಯಂ ಬ್ಯಾಟರಿಯ ಒಳಗೆ ಎರಡು ಪದರಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸುತ್ತ ಬೆಂಕಿ ಹಿಡಿಯುವ ದ್ರವ. ಬಿದ್ದೋ, ಜಜ್ಜಿಯೋ ಹಾಳೆ ಹರಿದರೆ ಒಳಗೇ ಶಾರ್ಟ್ ಆಗುತ್ತದೆ. ಸುಮಾರು 130 ಡಿಗ್ರಿಗೆ ಹಾಳೆಯೇ ಕರಗುತ್ತದೆ. ಆಮೇಲೆ ಬಿಸಿಯೇ ಬಿಸಿಯನ್ನು ಹೆಚ್ಚಿಸುತ್ತಾ ಹೋಗುತ್ತದೆ. ಒಳಗೆ ಗ್ಯಾಸ್ ತುಂಬಿದ್ದರ ಗುರುತೇ ಆ ಉಬ್ಬು.

ಮೊದಲ ಕೆಲಸ ಮನೆಯಲ್ಲೇ ಮಾಡಿ. ಪವರ್ ಬ್ಯಾಂಕನ್ನು ಸಪಾಟು ಮೇಜಿನ ಮೇಲಿಟ್ಟು ಬೆರಳಿನಿಂದ ಒತ್ತಿ ನೋಡಿ. ತೂಗಾಡಿದರೆ, ಬಿರುಕು ಬಿಟ್ಟಿದ್ದರೆ, ಸುಮ್ನೆ ಇಟ್ಟಾಗಲೂ ಬಿಸಿ ಇದ್ದರೆ ಅದನ್ನು ಜೊತೆಗೆ ಒಯ್ಯಬೇಡಿ. ಹೊಸದು ಕೊಳ್ಳುವಾಗ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು ಇದೆಯಾ ನೋಡಿ.

ಆಮೇಲೆ ಬ್ಯಾಗು. ರೊಟ್ಟಿ ಗಂಟು, ಬಟ್ಟೆಗಳ ಅಡಿಯಲ್ಲಿ ತುರುಕಬೇಡಿ. ಬೀಗದ ಕೈ, ಚಿಲ್ಲರೆ ಕಾಸಿನ ಜೊತೆಯೂ ಬೇಡ. ಬಸ್ಸಿನ ಡಿಕ್ಕಿಗೆ ಹಾಕುವ ಬ್ಯಾಗಿನಲ್ಲಂತೂ ಬೇಡವೇ ಬೇಡ. ಅಲ್ಲಿ ಹೊಗೆ ಬಂದರೆ ಯಾರಿಗೆ ಗೊತ್ತಾಗಬೇಕು? ಕೈಗೆ ಸಿಗುವ ಜೇಬಿನಲ್ಲಿರಲಿ.

ನಿಲ್ದಾಣದಲ್ಲಿ ಚಾರ್ಜಿಗೆ ಹಾಕಿದರೆ ಪಕ್ಕದಲ್ಲೇ ಇರಿ. ಬ್ಯಾಗಿನೊಳಗೆ, ಟವೆಲ್ ಕೆಳಗೆ ಇಟ್ಟು ಚಾರ್ಜ್ ಮಾಡುವುದು ತಪ್ಪು. ಬಿಸಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಸಿಲು ಬೀಳುವ ಬೆಂಚಿನ ಮೇಲೂ ಇಡಬೇಡಿ.

ಇಷ್ಟಾದರೂ ಬ್ಯಾಗಿನಿಂದ ಹೊಗೆ ಬಂದರೆ, 'ಸುಸ್' ಎಂಬ ಸದ್ದು ಕೇಳಿದರೆ? ಒಳಗೆ ಕೈ ಹಾಕಬೇಡಿ. ಬ್ಯಾಗ್ ಅಲ್ಲೇ ಬಿಟ್ಟು ದೂರ ಹೋಗಿ, ಕೂಗಿ ಜನರನ್ನೂ ಸರಿಸಿ. ಸಾಮಾನಿನ ಆಸೆ ಬೇಡ. ಹೊಗೆ ವಿಷ. ಮಕ್ಕಳನ್ನು ಮೊದಲು ಕಳಿಸಿ. ನಿಲ್ದಾಣದ ಸಿಬ್ಬಂದಿಗೆ ಹೇಳಿ, 112ಕ್ಕೆ ಫೋನ್ ಮಾಡಿ. ರೈಲು ನಿಲ್ದಾಣವಾದರೆ 139 ಕೂಡ ಇದೆ. ಸಣ್ಣ ಸಾಧನವಾಗಿದ್ದು, ಕರೆಂಟಿಗೆ ಸಿಕ್ಕಿಸಿರದಿದ್ದರೆ ದೂರ ನಿಂತು ಧಾರಾಳವಾಗಿ ನೀರು ಸುರಿಯಬಹುದು. ಮರಳು ಹಾಕಿದರೆ ಉರಿ ಮುಚ್ಚುತ್ತದೆ, ಬಿಸಿ ಆರುವುದಿಲ್ಲ. ಆರಿತು ಅಂತ ಎತ್ತಿಕೊಳ್ಳಲೂ ಬೇಡಿ, ಮತ್ತೆ ಹೊತ್ತಿಕೊಳ್ಳಬಹುದು.

ಕೆಟ್ಟ ಪವರ್ ಬ್ಯಾಂಕನ್ನು ನಿಲ್ದಾಣದ ಕಸದ ಬುಟ್ಟಿಗೆ ಎಸೆಯಬೇಡಿ. ಕಸದ ಗಾಡಿಯಲ್ಲಿ ಜಜ್ಜಿದರೆ ಅಲ್ಲೇ ಬೆಂಕಿ. ಪೌರಕಾರ್ಮಿಕರ ಕೈ ಇರುವುದು ಅದರೊಳಗೇ ಅಲ್ವಾ? ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದು ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತದೆ. ಕೊಂಡ ಅಂಗಡಿಯಲ್ಲಿ ಕೇಳಿ, ಇಲ್ಲವೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.