ಫಾತೋರ್ಡಾದಾಗ ಡಾರ್ಟ್‌ಮುಂಡ್ ಗದ್ದಲ ಎಬ್ಬಿಸೋದು ಹ್ಯಾಂಗ

ವಾಸ್ಕೋದಾಗಿನ ನಮ್ಮ ಕನ್ನಡ ಹುಡುಗ್ರೇ, ಎಫ್‌ಸಿ ಗೋವಾ ಫುಟ್‌ಬಾಲ್ ಮ್ಯಾಚಿಗೆ ಮಡಗಾಂವಿನ ಫಾತೋರ್ಡಾ ಸ್ಟೇಡಿಯಮ್ಮಿಗೆ ಹೋಗಿ ಸುಮ್ನ ಕೂತು ನೋಡಿ ಬರಬ್ಯಾಡ್ರಿ. ಜರ್ಮನಿಯ ಡಾರ್ಟ್‌ಮುಂಡ್ ಸ್ಟೇಡಿಯಮ್ಮಿನ ದಕ್ಷಿಣ ಸ್ಟ್ಯಾಂಡ್‌ನಾಗ ಲೀಗ್ ಮ್ಯಾಚಿಗೆ ಸುಮಾರು 25,000 ಮಂದಿ ನಿಂತ್ಕೊಂಡೇ ನೋಡ್ತಾರ, ಹಳದಿ ಗ್ವಾಡಿ ಅಂತಾರ ಅದಕ್ಕ. ಆ ಗದ್ದಲ ತಾನಾಗೇ ಏಳಂಗಿಲ್ಲ, ಮೈದಾನಕ್ಕ ಬೆನ್ನು ಮಾಡಿ ಮೆಗಾಫೋನ್ ಹಿಡ್ಕೊಂಡು ಒಬ್ಬಾಂವ ನಿಂತಿರ್ತಾನ, ಇಟಲಿ ಕಡೆ ಅವಂಗ ಕಾಪೋ ಅಂತಾರ, 90 ನಿಮಿಷ ಅವಂಗ ಮ್ಯಾಚೇ ಸರಿಯಾಗಿ ಕಾಣಂಗಿಲ್ಲ, ಎಂಥಾ ಪ್ರೀತಿ ನೋಡ್ರಿ!

ನೀವೂ ಮೊದ್ಲ ಗಟ್ಟಿ ದನಿಯವ ಒಬ್ಬನ್ನ ಆರಿಸ್ರಿ. ಡೋಲು ಹೊಡಿಯಾಂವ ಅವನ ಕೈ ನೋಡ್ಬೇಕು, ಬಾಲ್ ಅಲ್ಲ. ಹಾಡು ಎರಡೇ ಸಾಲು ಇರ್ಲಿ, ಬಸ್ಸಿನ್ಯಾಗ ಹೋಗೂವಾಗ್ಲೇ ಬಾಯಿಪಾಠ ಆಗ್ಬೇಕು. ಗೋಲ್ ಬಿತ್ತಂದ್ರ ಜರ್ಮನಿಯವ್ರ ಪದ್ಧತಿ ಮಾಡ್ರಿ, ಅಲ್ಲಿ ಅನೌನ್ಸರ್ ಆಟಗಾರನ ಮೊದಲ ಹೆಸರು ಕೂಗ್ತಾನ, ಮನೆತನದ ಹೆಸರು ಇಡೀ ಸ್ಟೇಡಿಯಂ ಕೂಗ್ತೈತಿ. ನಿಮ್ಮಲ್ಲಿ ಆ ಮೊದಲ ಹೆಸರು ಕಾಪೋನೇ ಕೂಗ್ಲಿ.

ಪಟಾಕಿ, ಫ್ಲೇರ್ ಮಾತ್ರ ಒಯ್ಯಬ್ಯಾಡ್ರಿ, ಸಣ್ಣ ಹುಡುಗ್ರು ಬಂದಿರ್ತಾರ. ಟೀಮ್ 2 ಗೋಲ್ ಹಿಂದ ಬಿದ್ದಾಗ ದನಿ ಇಳೀಬಾರ್ದು, ಸ್ಕಾರ್ಫ್ ಎರಡೂ ಕೈಲಿ ಎತ್ತಿ ಹಿಡ್ದು ಆವಾಗ್ಲೇ ಇನ್ನೂ ಜೋರು ಹಾಡ್ರಿ.