ಸಿಸ್ಟರ್‌ಗಳ ಬಾಲಭವನಕ್ಕೆ ಕೊಡುವ ಮುಂಚೆ ಒಂದು ಫೋನ್ ಮಾಡಿ

ಮಂಗಳೂರಿನ ಕಾನ್ವೆಂಟ್ ಒಂದರಲ್ಲಿ ಕ್ರೈಸ್ತ ಸನ್ಯಾಸಿನಿಯರು, ಅಂದರೆ ಸಿಸ್ಟರ್‌ಗಳು, ಮಕ್ಕಳನ್ನು ಇಟ್ಟುಕೊಂಡು ಸಾಕುವ ಬಾಲಭವನಕ್ಕೆ ಒಮ್ಮೆ ಜನವರಿಯಲ್ಲಿ ಹೋಗಿದ್ದೆ. ಸ್ಟೋರ್ ರೂಮಿನ ಗೋಡೆಯುದ್ದಕ್ಕೂ ಬಿಸ್ಕತ್ತಿನ ಡಬ್ಬಗಳು, ಹಳೆ ಬಟ್ಟೆಯ ಗಂಟುಗಳು. ಎಲ್ಲ ಕ್ರಿಸ್‌ಮಸ್‌ಗೆ ಬಂದಿದ್ದು. ಕೆಳಗಿನ ಹಲಗೆಯಲ್ಲಿ ಸ್ಯಾನಿಟರಿ ಪ್ಯಾಡ್ ಎರಡೇ ಪ್ಯಾಕೆಟ್. ಅಲ್ಲಿ ದೊಡ್ಡ ಹುಡುಗಿಯರೇ ಹದಿನೆಂಟು ಮಂದಿ. "ಇದು ಬೇಕು ಅಂತ ಯಾರ ಹತ್ತಿರ ಕೇಳುವುದು?" ಎಂದರು ಸಿಸ್ಟರ್.

ಹಾಗಾಗಿ ಮೊದಲ ಕೆಲಸ ಫೋನ್. ಬೆಳಿಗ್ಗೆ ಬೇಡ. ಪೂಜೆ ಮುಗಿಸಿ ಮಕ್ಕಳನ್ನು ಶಾಲೆಗೆ ಕಳಿಸುವ ಗಡಿಬಿಡಿ ಇರುತ್ತದೆ. ಹನ್ನೊಂದರ ಮೇಲೆ ಮಾಡಿ. "ಏನಾದರೂ ಬೇಕಾ?" ಎಂದು ಸುಮ್ನೆ ಕೇಳಿದರೆ ಸಂಕೋಚಪಟ್ಟು "ನಿಮಗೆ ಆದದ್ದು ಕೊಡಿ" ಎನ್ನುತ್ತಾರೆ. "ಈ ತಿಂಗಳು ಅಂಗಡಿಯಲ್ಲಿ ಏನು ಬಾಕಿ ಇದೆ ಸಿಸ್ಟರ್?" ಎಂದು ಕೇಳಿ. ಆಗ ಬಾಯಿ ಬಿಡುತ್ತಾರೆ: ಗ್ಯಾಸ್, ಕುಚ್ಚಲಕ್ಕಿ, ತೆಂಗಿನೆಣ್ಣೆ, ಹೇನಿನ ಔಷಧ, ಒಳಉಡುಪು, ಕರೆಂಟ್ ಬಿಲ್. ಇವನ್ನೇ ಕೊಡಿ. ಹರಿದ ಬಟ್ಟೆ ಮಾತ್ರ ದಯವಿಟ್ಟು ಬೇಡ.

ಹೊಸ ಜಾಗವಾದರೆ ನೋಂದಣಿ ಕೇಳಿ. 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಪಡೆಯದ ಬಾಲಭವನವೂ ನೋಂದಣಿ ಮಾಡಿಸಲೇಬೇಕು. ಕೇಳುವುದು ಅವಮಾನವಲ್ಲ.

ಹಣವನ್ನು ಸಿಸ್ಟರ್ ಹೆಸರಿಗೆ ಹಾಕಬೇಡಿ. ಅವರು ಬಡತನದ ವ್ರತ ತೊಟ್ಟವರು, ಸ್ವಂತಕ್ಕೆ ಏನೂ ಇಟ್ಟುಕೊಳ್ಳುವುದಿಲ್ಲ. ಚೆಕ್ ಆಗಲಿ, ಯುಪಿಐ ಆಗಲಿ, ಸಂಸ್ಥೆಯ ಹೆಸರಿಗೇ ಹೋಗಲಿ. ರಸೀದಿ ಪಡೆಯಿರಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ಎಂದು ಕರೆಯುವ ದಾನದ ತೆರಿಗೆ ರಿಯಾಯಿತಿ ಬೇಕಾದರೆ 2000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ. ಅಕ್ಕಿ, ಬಟ್ಟೆ ಕೊಟ್ಟಿದ್ದಕ್ಕೆ ಈ ರಿಯಾಯಿತಿ ಇಲ್ಲ. ದುಬೈಯಲ್ಲೋ ಕುವೈತಿನಲ್ಲೋ ಇರುವ ಮಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ತನ್ನ ಉಳಿತಾಯದಿಂದ ಧಾರಾಳವಾಗಿ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರದ್ದು ವಿದೇಶಿ ದೇಣಿಗೆಯಾಗುತ್ತದೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಅದನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇರುವ ಸಂಸ್ಥೆ ಮಾತ್ರ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಯ ಮೂಲಕ ಪಡೆಯಬೇಕು.

ಇನ್ನು ಹೋಗುವ ದಿನ. ನಿಮ್ಮ ಮಗುವಿನ ಬರ್ತ್‌ಡೇ ಊಟ ಅಲ್ಲೇ ಹಾಕಿಸಿ, ಒಳ್ಳೆಯದೇ. ಆದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಥ್ಯಾಂಕ್ಯೂ ಹೇಳಿಸಬೇಡಿ. ಜೊತೆಗೆ ಕೂತು ಉಣ್ಣಿ. "ನಿನ್ನ ಅಪ್ಪ ಅಮ್ಮ ಎಲ್ಲಿ?" ಎಂಬ ಪ್ರಶ್ನೆ ಬೇಡವೇ ಬೇಡ. ಅಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿ ಇದ್ದಾಳೆ, ಸಾಕುವ ಶಕ್ತಿ ಇಲ್ಲ ಅಷ್ಟೇ. ಮಕ್ಕಳ ಮುಖ ಕಾಣುವ ಫೋಟೊವನ್ನು ಫೇಸ್‌ಬುಕ್, ಸ್ಟೇಟಸ್‌ಗೆ ಹಾಕಬೇಡಿ. ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ.

ಕೆಲವರು ದಾನ ಕೊಟ್ಟು "ಒಂದು ಮಗು ಸಿಗುತ್ತಾ?" ಎಂದು ಕೇಳುವುದುಂಟು. ದತ್ತು ಕೊಡುವುದು ಸಿಸ್ಟರ್ ಕೈಯಲ್ಲಿಲ್ಲ, ಅದಕ್ಕೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾದ ವೆಬ್‌ಸೈಟಿನಲ್ಲಿ ನೋಂದಾಯಿಸಬೇಕು. ಮದರ್ ತೆರೇಸಾ ಅವರ ಮಿಷನರೀಸ್ ಆಫ್ ಚಾರಿಟಿ ಅಂತೂ 2015ರಲ್ಲೇ ಭಾರತದಲ್ಲಿ ದತ್ತು ಕೊಡುವ ಕೆಲಸ ನಿಲ್ಲಿಸಿತು.

ಡಿಸೆಂಬರಿನಲ್ಲಿ ಎಲ್ಲರೂ ಬರುತ್ತಾರೆ. ಜೂನ್‌ನಲ್ಲಿ ಯಾರೂ ಇಲ್ಲ, ಶಾಲೆ ಶುರುವಾಗುವುದು ಆಗಲೇ ಅಲ್ವಾ? ಮೇ ಮೂರನೇ ವಾರ ಫೋನ್ ಮಾಡಿ. ಕೊಡೆ ಎಷ್ಟು ಬೇಕು ಕೇಳಿ. ಒಬ್ಬೊಬ್ಬ ಮಗುವಿನ ಶೂ ಸೈಜ್ ಬರೆದುಕೊಳ್ಳಿ.