ಪೊಟ್ಟಣದ ಮೇಲಿನ ಸಂಖ್ಯೆ, ಒಳಗಿನ ಕಾಳು

ದ್ವಿದಳ ಧಾನ್ಯಗಳ ಬೀಜ ಸಂಗ್ರಹವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸಂಶೋಧಕರು ಮತ್ತು ಹೊಸ ತಳಿ ರೂಪಿಸುವವರು ಬೀಜ ಕೇಳಿ ಬರೆಯುತ್ತಾರೆ. ನಾನು ಆರಿಸಿ, ಪರೀಕ್ಷಿಸಿ, ಕಾಗದಪತ್ರಗಳೊಂದಿಗೆ ಕಳುಹಿಸುತ್ತೇನೆ. ಪೊಟ್ಟಣದ ಮೇಲಿನ ಸಂಖ್ಯೆಗೂ ಒಳಗಿನ ಕಾಳಿಗೂ ತಾಳೆಯಾಗದಿದ್ದರೆ ಪಡೆದವರ ಹಲವು ವರ್ಷಗಳ ದುಡಿಮೆ ಮಣ್ಣುಪಾಲಾಗುತ್ತದೆ. ಆದ್ದರಿಂದ ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೊಡುವುದು ಗುರುತು ಕಾಪಾಡುವುದಕ್ಕೆ.

ತೊಗರಿಯನ್ನೇ ನೋಡಿ. ಕಡಲೆ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆ. ಪಕ್ಕಪಕ್ಕದ ಸಾಲುಗಳಲ್ಲಿ ಬೇರೆ ಬೇರೆ ಮಾದರಿಗಳನ್ನು ಬೆಳೆದರೂ ಹೆಚ್ಚು ಆತಂಕವಿಲ್ಲ. ತೊಗರಿ ಹಾಗಲ್ಲ, ಅದರ ಹೂವಿಗೆ ಜೇನ್ನೊಣಗಳು ಮುತ್ತುತ್ತವೆ. ಬಯಲಿನಲ್ಲಿ ಬಿಟ್ಟರೆ ಒಂದೇ ಹಂಗಾಮಿನಲ್ಲಿ ನೆರೆಯ ಸಾಲಿನ ಗುಣ ಬೆರೆತುಹೋಗುತ್ತದೆ. ಹಾಗಾಗಿ ಬೀಜ ಹೊಸದು ಮಾಡುವಾಗ ಗಿಡಗಳನ್ನು ಕೀಟ ನುಸುಳದ ಬಲೆಯೊಳಗೆ ಬೆಳೆಸುತ್ತೇನೆ. ಕೊಯ್ಲಾದ ಮೇಲೆ ಹೊಸ ಕಾಳನ್ನು ಹಳೆಯ ಮೂಲ ಮಾದರಿಯ ಪಕ್ಕದಲ್ಲಿ ಹರಡಿ ಬಣ್ಣ, ಚುಕ್ಕೆ, ಗಾತ್ರ, ಕಣ್ಣಿನ ಸುತ್ತಲಿನ ಉಂಗುರ ಎಲ್ಲವನ್ನೂ ಹೋಲಿಸುತ್ತೇನೆ. ಆದರೆ ಸ್ಥಳೀಯ ತಳಿಯೆಂದರೆ ಮೂಲದಲ್ಲೇ ಒಂದಿಷ್ಟು ಮಿಶ್ರಣವಿರುತ್ತದೆ. ಆ ವೈವಿಧ್ಯವನ್ನು ಕಲಬೆರಕೆಯೆಂದು ಭಾವಿಸಿ ಆರಿಸಿ ಎಸೆದರೆ ಸಂಗ್ರಹದ ಉದ್ದೇಶವೇ ಕೆಡುತ್ತದೆ. ಹೊರಗಿನಿಂದ ಬೆರೆತದ್ದು ಯಾವುದು, ಮೊದಲಿನಿಂದ ಇದ್ದದ್ದು ಯಾವುದು ಎಂದು ಹೇಳುವುದು ಆ ಮೂಲ ಮಾದರಿಯೇ.

ಬೀಜ ಕೇಳುವವರು ಅನೇಕ ಸಲ ‘ನಿಮ್ಮಲ್ಲಿರುವುದನ್ನೆಲ್ಲ ಕಳುಹಿಸಿ’ ಎನ್ನುತ್ತಾರೆ. ನಾನು ಮೊದಲು ಕೇಳುವುದು, ಏನನ್ನು ಹುಡುಕುತ್ತಿದ್ದೀರಿ ಎಂದು. ನಿರ್ದಿಷ್ಟ ರೋಗನಿರೋಧಕತೆ ಬೇಕಿದ್ದರೆ ಹಳೆಯ ಪರೀಕ್ಷೆಗಳ ದಾಖಲೆ ಮತ್ತು ಮಾದರಿ ಸಿಕ್ಕಿದ ಜಾಗದ ಹವಾಮಾನ ನೋಡಿ ಆರಿಸಿಕೊಡುತ್ತೇನೆ. ಇನ್ನೂ ಹುಡುಕಾಟದ ಹಂತವಾದರೆ ಕಿರು ಪ್ರಾತಿನಿಧಿಕ ಸಂಗ್ರಹದಿಂದ ಶುರು ಮಾಡಿ ಎನ್ನುತ್ತೇನೆ. ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು 16,991 ಕಡಲೆ ಮಾದರಿಗಳಿಂದ 1,956ನ್ನು, ಅವುಗಳಿಂದ ಕೇವಲ 211ನ್ನು ಆರಿಸಿ 2001ರಲ್ಲಿ ಪ್ರಕಟಿಸಿದರು. ವೈವಿಧ್ಯದ ಬಹುಪಾಲು ಅಷ್ಟರಲ್ಲೇ ಸಿಗುತ್ತದೆ. ಸಣ್ಣ ಪ್ರಯೋಗ ತಾಕಿನಲ್ಲೂ ಅಷ್ಟನ್ನು ಸರಿಯಾಗಿ ಬೆಳೆದು ನೋಡಬಹುದು. ಕಾಡು ಸಂಬಂಧಿಗಳನ್ನು ಕೇಳಿದವರಿಗೆ ಒಂದು ಚೀಟಿಯನ್ನೂ ಇಡುತ್ತೇನೆ: ಸಿಪ್ಪೆ ಗಡುಸು, ಬಿತ್ತುವ ಮೊದಲು ಬ್ಲೇಡಿನಿಂದ ಒಂದು ಕಡೆ ಸ್ವಲ್ಪ ಗೀರಿ, ಇಲ್ಲದಿದ್ದರೆ ನೀರು ಒಳಗೆ ಇಳಿಯುವುದಿಲ್ಲ.

ಇನ್ನು ಬೀಜದ ಆರೋಗ್ಯ. ಹೆಸರು, ಅಲಸಂದೆ ಕಾಳಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಕಾಳು ಕೊರೆಯುವ ದುಂಬಿಯ ಮೊಟ್ಟೆಯ ಚಿಪ್ಪು. ಅಷ್ಟು ಬೆಳ್ಳಗೆ ಕಾಣುವ ಹೊತ್ತಿಗೆ ಮರಿ ಕಾಳಿನೊಳಗೆ ಹೊಕ್ಕಿರುತ್ತದೆ. ಚೆನ್ನಾಗಿ ಒಣಗಿದ ಬೀಜವನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತದಲ್ಲಿ ಒಂದೆರಡು ವಾರ ಇಟ್ಟರೆ ದುಂಬಿ ಸಾಯುತ್ತದೆ. ವೈರಸ್ ಹಾಗಲ್ಲ. ಬೀನ್ಸ್ ಮೊಸಾಯಿಕ್ ವೈರಸ್ ಹೊತ್ತ ಕಾಳು ನೋಡಲು ಆರೋಗ್ಯವಾಗಿಯೇ ಇರಬಹುದು. ತಾಯಿ ಗಿಡವನ್ನು ಹೊಲದಲ್ಲಿ ನೋಡಿರಬೇಕು, ಬೀಜವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿರಬೇಕು. ಪಡೆಯುವ ದೇಶದ ಆಮದು ಪರವಾನಗಿ ಕೈಗೆ ಬರುವವರೆಗೆ, ಸಸ್ಯ ಆರೋಗ್ಯ ಪ್ರಮಾಣಪತ್ರ ಸಿದ್ಧವಾಗುವವರೆಗೆ ಪೊಟ್ಟಣ ಹೊರಡುವುದಿಲ್ಲ. ಈ ವಿಳಂಬಕ್ಕೆ ಬೇಸರಪಡುವವರಿದ್ದಾರೆ. ನಾನು ಮಾತ್ರ ಇದರಲ್ಲಿ ಸಡಿಲ ಬಿಡುವುದಿಲ್ಲ.

ಬೀಜದೊಂದಿಗೆ ಬರುವ ಒಪ್ಪಂದದ ಕಾಗದ ನೋಡಿ ಹೆದರಬೇಕಾಗಿಲ್ಲ. 2004ರಲ್ಲಿ ಜಾರಿಗೆ ಬಂದ ಸಸ್ಯ ತಳಿ ಸಂಪನ್ಮೂಲಗಳ ಅಂತರರಾಷ್ಟ್ರೀಯ ಒಡಂಬಡಿಕೆಯಡಿ ಎಲ್ಲರಿಗೂ ಒಂದೇ ಮಾದರಿಯ ವರ್ಗಾವಣೆ ಒಪ್ಪಂದವಿದೆ. ಕಡಲೆ, ತೊಗರಿ, ಮಸೂರ, ಬಟಾಣಿ, ಅಲಸಂದೆ ಒಡಂಬಡಿಕೆಯ ಬೆಳೆಗಳ ಮೂಲ ಪಟ್ಟಿಯಲ್ಲೇ ಇವೆ. ಶೇಂಗಾ ಮತ್ತು ಸೋಯಾ ಆ ಪಟ್ಟಿಗೆ ಸೇರಲಿಲ್ಲ. ಪಡೆದ ರೂಪದಲ್ಲೇ ಬೀಜದ ಮೇಲೆ, ಇತರರಿಗೆ ಅದು ಸಿಗದಂತೆ ಮಾಡುವ ಹಕ್ಕು ಸಾಧಿಸುವಂತಿಲ್ಲ; ಇನ್ನೊಬ್ಬರಿಗೆ ಕೊಟ್ಟರೆ ಇದೇ ಒಪ್ಪಂದದಡಿ ಕೊಡಬೇಕು. ನ್ಯಾಯವಾದ ಷರತ್ತುಗಳು. ಯಾರ ಹೊಲದಿಂದಲೋ ಬಂದ ಕಾಳು ಯಾರೊಬ್ಬರ ಸೊತ್ತೂ ಆಗಬಾರದು.

ಹಂಚಿದ ಬೀಜ ಉಳಿಯುತ್ತದೆ ಎಂಬುದಕ್ಕೆ ಒಣ ಪ್ರದೇಶಗಳ ಕೃಷಿಯ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರ ಇಕಾರ್ಡಾ ಸಾಕ್ಷಿ. ಸಿರಿಯಾದ ಅಲೆಪ್ಪೊ ಬಳಿಯ ಅದರ ಬೀಜ ಬ್ಯಾಂಕ್ ಯುದ್ಧದಿಂದ ಕೈತಪ್ಪಿತು. ಅಷ್ಟರಲ್ಲಿ ಕಡಲೆ, ಮಸೂರ ಮುಂತಾದವುಗಳ ಪ್ರತಿಗಳು ನಾರ್ವೆಯ ಸ್ವಾಲ್ಬಾರ್ಡ್‌ನ ಜಾಗತಿಕ ಬೀಜ ಭಂಡಾರ ತಲುಪಿದ್ದವು. 2015ರಲ್ಲಿ ಅವನ್ನು ಹಿಂಪಡೆದು ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಬೆಳೆದರು.

ಬೀಜ ಪಡೆದವರಿಂದ ನಾನು ಬಯಸುವುದು ಮಾಹಿತಿ. ಅದಕ್ಕಾಗಿ ಮತ್ತೆ ಮತ್ತೆ ಪತ್ರ ಬರೆಯಲು ನನಗೆ ಸಂಕೋಚವಿಲ್ಲ. ಬಿತ್ತಿದ ದಿನಾಂಕ, ಊರಿನ ಅಕ್ಷಾಂಶ, ಅರ್ಧದಷ್ಟು ಗಿಡ ಹೂ ಬಿಟ್ಟ ದಿನ, ಹೋಲಿಕೆಗೆ ಬೆಳೆದ ತಳಿ ಇವಿಷ್ಟೂ ಬೇಕು. ತೊಗರಿಗೆ ಹಗಲಿನ ಅವಧಿ ಮುಖ್ಯವಾದ್ದರಿಂದ ಅಕ್ಷಾಂಶವಿಲ್ಲದೆ ಹೂ ಬಿಟ್ಟ ದಿನಕ್ಕೆ ಅರ್ಥವಿಲ್ಲ. ‘ಒಂದೂ ರೋಗ ತಡೆಯಲಿಲ್ಲ’ ಎಂದು ಬರೆದರೂ ಅದನ್ನು ಆಯಾ ಸಂಖ್ಯೆಯ ಎದುರು ದಾಖಲಿಸುತ್ತೇನೆ. ಅದೇ ರೋಗಕ್ಕಾಗಿ ಮುಂದೆ ಬೀಜ ಕೇಳಿದವರಿಗೆ ಆ ಸಂಖ್ಯೆಗಳನ್ನು ಬಿಟ್ಟು ಬೇರೆ ಕಳುಹಿಸುತ್ತೇನೆ.